ಕೀಲಿ ಇಲ್ಲದ ಗಡಿಯಾರ

ಏನನ್ನೂ ಕೇಳದೆ ಮದುವೆಗೆ ಒಪ್ಪುವ ಗಂಡಿನಲ್ಲಿ ಏನಾದರೂ ಒಂದು ಐಬು ಇದ್ದೇ ಇರುತ್ತದೆ. ಇಪ್ಪತ್ತೆರಡನೆಯ ವಯಸ್ಸಿಗೇ ನನಗೆ ಇದು ಗೊತ್ತಿತ್ತು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಅಪ್ಪ ಒಂದು ಸಂಜೆ ಆಫೀಸಿನಿಂದ ಬಂದವನೇ, ಕೊಟ್ಟೂರಿನ ಗಂಡಿನ ಕಡೆಯವರು ಒಂದು ಕೈಗಡಿಯಾರ ಬಿಟ್ಟು ಬೇರೆ ಏನನ್ನೂ ಬೇಡವೆಂದಿದ್ದಾರೆ ಎಂದು ಖುಷಿಯಿಂದ ಹೇಳಿದಾಗ, ನಾನು ಹೊಲಿಗೆ ಯಂತ್ರ ನಿಲ್ಲಿಸಿ ಅವನ ಮುಖ ನೋಡಿದೆ.

"ಬಂಗಾರ?" ಅಂದೆ.

"ಬ್ಯಾಡಂತ."

"ಸೈಕಲ್ಲು?"

"ಅದೂ ಬ್ಯಾಡಂತ. ಒಂದು ವಾಚು ಕೊಡಸ್ರಿ ಸಾಕು ಅಂದಾರ. ಕೀಲಿ ಕೊಡೋದಲ್ಲ. ಆಟೋಮ್ಯಾಟಿಕ್ಕು."

"ಹಂಗಾರ ಆ ಮನುಷ್ಯಾಗ ಏನೋ ಆಗೈತಿ," ಅಂದೆ.

ಅಪ್ಪ ನಗಲಿಲ್ಲ. ಟೋಪಿ ತೆಗೆದು ಗೂಟಕ್ಕೆ ಹಾಕಿ, ಕಾಲು ತೊಳೆಯಲು ಹಿತ್ತಲಿಗೆ ಹೋದ.

ಆಗ ನಾವು ಕೂಡ್ಲಿಗಿಯಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವನು ಅವನೇ, ಅವನಿಗಿಂತ ಹಿಂದಿನವರೆಲ್ಲ ಕುರಿ ಕಾಯ್ದವರು. ಅವ್ವ ನಾನು ಎಂಟು ವರ್ಷದವಳಿದ್ದಾಗ ಹೋದಳು. ಅಪ್ಪ ಮತ್ತೊಂದು ಮದುವೆಯಾಗಲಿಲ್ಲ. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ, ನಾನು, ಮೂರೇ ಜನ. ನಾನು ಮೆಟ್ರಿಕ್ ಮುಗಿಸಿ ಜಂಪರು ಹೊಲಿಯುತ್ತಿದ್ದೆ. ಬಟ್ಟೆ ತಂದವರು ಅಳತೆ ಹೇಳಿದರೆ ನಾನು ನಂಬುತ್ತಿರಲಿಲ್ಲ, ಮತ್ತೊಮ್ಮೆ ನಾನೇ ಟೇಪು ಹಿಡಿಯುತ್ತಿದ್ದೆ. ಹಾಲಿನವಳ ಹಾಲಿಗೆ ಬೆರಳು ಅದ್ದುತ್ತಿದ್ದೆ, ಎಣ್ಣೆಯವನ ತಕ್ಕಡಿಯನ್ನು ಹಿಂದುಮುಂದು ಮಾಡಿಸುತ್ತಿದ್ದೆ. ಅಜ್ಜಿ ನನ್ನನ್ನು ಪೊಲೀಸು ಎಂದೇ ಕರೆಯುತ್ತಿದ್ದಳು. "ಪೊಲೀಸು ಎದ್ದೈತಿ, ಬಾಗಲಾ ತಗಿ" ಎನ್ನುವುದು ನಮ್ಮ ಮನೆಯ ಬೆಳಗಿನ ಮೊದಲ ಮಾತು. ನಾನು ಪರೀಕ್ಷೆ ಮಾಡದೆ ಬಿಟ್ಟ ಮನುಷ್ಯನೆಂದರೆ ಅಪ್ಪನೊಬ್ಬ. ಅವನು ಮಳೆ ಬರುತ್ತದೆ ಅಂದರೆ ನಾನು ಆಕಾಶ ನೋಡದೆ ಹೊರಗಿನ ಬಟ್ಟೆ ಒಳಗೆ ತರುತ್ತಿದ್ದೆ.

ನನ್ನ ಅನುಮಾನದಿಂದ ಮನೆಗೆ ಲಾಭವೂ ಆಗಿತ್ತು, ಅದನ್ನು ಹೇಳಲೇಬೇಕು. ಹಡಗಲಿ ಕಡೆಯ ಒಬ್ಬ ಗಂಡು ನನ್ನನ್ನು ನೋಡಲು ಬಂದಾಗ ಬಾಯಲ್ಲಿ ಏಲಕ್ಕಿ ಜಗಿಯುತ್ತಿದ್ದ. ಬೆಳಗಿನ ಹೊತ್ತಿಗೆ ಯಾರು ಏಲಕ್ಕಿ ಜಗಿಯುತ್ತಾರೆ ಎಂದು ನಾನು ಒಲ್ಲೆ ಅಂದೆ. ಆಮೇಲೆ ನನ್ನ ಸೋದರಮಾವ ವಿಚಾರಿಸಿದರೆ ಅವನು ಎದ್ದು ಮುಖ ತೊಳೆಯುವುದೇ ಸಾರಾಯಿಯಲ್ಲಿ ಎಂದು ತಿಳಿಯಿತು. ಹರಪನಹಳ್ಳಿಯ ಇನ್ನೊಬ್ಬನಿಗೆ ಅರಸೀಕೆರೆಯಲ್ಲಿ ಆಗಲೇ ಒಬ್ಬ ಹೆಂಡತಿಯಿದ್ದಳು. ಅದೂ ನನ್ನ ಮೂಗಿಗೇ ಮೊದಲು ಬಡಿದ ವಾಸನೆ. ಹಾಗಾಗಿ ನಾನು ಒಲ್ಲೆ ಅಂದರೆ ಅಪ್ಪ ಮುಂದೆ ಮಾತಾಡುತ್ತಿರಲಿಲ್ಲ. ಅಜ್ಜಿ ಮಾತ್ರ, "ಎಲ್ಲಾರ ಮನಿ ದ್ವಾಸಿನೂ ತೂತಾ. ನೀ ತೂತು ಎಣಿಸ್ಕೋಂತ ಕುಂದ್ರು, ಹಂಚು ತಣ್ಣಗಾಗ್ತೈತಿ" ಎಂದು ಗೊಣಗುತ್ತಿದ್ದಳು.

ಕೊಟ್ಟೂರಿನ ಗಂಡು ನನ್ನನ್ನು ನೋಡಲು ಬಂದದ್ದು ಒಂದು ಮಂಗಳವಾರ. ಬೇಸಿಗೆ. ಅಷ್ಟು ಸೆಕೆಯಲ್ಲೂ ಬಲ ಹೆಗಲ ಮೇಲೆ ದಪ್ಪ ಟವೆಲ್ಲು ಹಾಕಿಕೊಂಡಿದ್ದ. ಅದು ಇಳಿಬಿದ್ದು ತೊಡೆಯ ಮೇಲೆ ಹರಡಿಕೊಂಡಿತ್ತು. ನಾನು ಅವಲಕ್ಕಿ ತಟ್ಟೆ ಇಟ್ಟೆ. ಮುಟ್ಟಲಿಲ್ಲ.

"ಇವತ್ತು ಉಚ್ಚೆಂಗೆಮ್ಮನ ಒಪ್ಪತ್ತು ಐತ್ರಿ," ಅಂದ.

"ಚಾ ಕುಡೀಬೌದಲ್ಲ," ಅಂದೆ.

"ಚಾನೂ ಒಲ್ಲೆ."

ನಾನು ಇನ್ನೊಂದು ಮಾತು ಆಡುವಷ್ಟರಲ್ಲಿ ಅಪ್ಪ, "ಒಪ್ಪತ್ತಿದ್ದೋರಿಗೆ ಒತ್ತಾಯ ಮಾಡಬಾರದವ್ವ" ಎಂದು ತಾನೇ ತಟ್ಟೆ ಎತ್ತಿಕೊಂಡು ಒಳಗೆ ಇಟ್ಟುಬಂದ. ಕೆಲಸವೇನೆಂದು ಕೇಳಿದೆ. ಶೇಂಗಾ ಎಣ್ಣೆಯ ಮಿಲ್ಲಿನಲ್ಲಿ ಹೊತ್ತು ನೋಡಿ ಸೈರನ್ ಊದುವುದು, ಆಳುಗಳ ಹಾಜರಿ ಹಿಡಿಯುವುದು ಅಂದ. ಮೊದಲಿನಿಂದ ಅದೇ ಕೆಲಸವೇ ಎಂದು ಕೇಳಿದೆ. "ಇಲ್ಲ, ಮೊದಲು ಮಷೀನಿನ ಮ್ಯಾಲಿದ್ದೆ" ಎಂದವನು ಅಪ್ಪನ ಕಡೆ ನೋಡಿದ. ಅಪ್ಪ ಕೆಮ್ಮಿ, "ಬಡ್ತಿ ಆಗೈತಿ" ಅಂದ. ಗಟ್ಟಿಮುಟ್ಟಾದ ಹುಡುಗನಿಗೆ ಕುಳಿತು ಮಾಡುವ ಬಡ್ತಿ ಯಾವ ಮಾಲೀಕ ಕೊಡುತ್ತಾನೆ ಎಂದು ನನಗೆ ಆಗಲೇ ಅನ್ನಿಸಿತು. ಹೊರಡುವಾಗ ಅಜ್ಜಿಗೆ ಕೈಮುಗಿಯದೆ ಬರೀ ತಲೆ ಬಾಗಿಸಿದ. ಸೊಕ್ಕು ಅಂದುಕೊಂಡೆ.

ಆದರೆ ಅವನ ದನಿ ನನಗೆ ಹಿಡಿಸಿತು. ಮಾತಾಡುವಾಗ ಎದುರಿಗಿದ್ದವರ ಮುಖ ನೋಡಿಯೇ ಮಾತಾಡುತ್ತಿದ್ದ. ಹಿಡಿಸಿದ್ದರಿಂದಲೇ ಅನುಮಾನ ಇನ್ನೂ ಜಾಸ್ತಿಯಾಯಿತು. ಕಣ್ಣು ಸರಿಯಿದೆ, ನಡಿಗೆ ಸರಿಯಿದೆ, ಬಾಯಲ್ಲಿ ಏಲಕ್ಕಿ ಇಲ್ಲ, ಮತ್ತೆ ಐಬು ಎಲ್ಲಿದೆ. ಎರಡು ದಿನ ಯೋಚಿಸಿ ಕೊನೆಗೆ ಅಪ್ಪನನ್ನೇ ಕೇಳಿದೆ.

"ಎಲ್ಲಾ ಕೇಳಿ ನೋಡೀಯಾ?"

"ನೋಡೀನಿ. ಛಲೋ ಹುಡುಗ," ಅಂದ.

ಅಪ್ಪ ನೋಡಿದ್ದಾನೆಂದ ಮೇಲೆ ಮುಗಿಯಿತು. ಹ್ಞೂಂ ಅಂದೆ.

ಇನ್ನು ಉಳಿದದ್ದು ಗಡಿಯಾರ. ಅಪ್ಪನನ್ನು ಒಬ್ಬನೇ ಅಂಗಡಿಗೆ ಕಳಿಸಿದರೆ ಟೋಪಿ ಹಾಕುತ್ತಾರೆಂದು ನಾನೂ ಹೊರಟೆ. ಮದುಮಗಳು ತನ್ನ ಗಂಡನ ವಾಚು ತಾನೇ ಕೊಳ್ಳಲು ಹೋಗುವುದು ಯಾವ ಊರಿನ ಪದ್ಧತಿ ಎಂದು ಅಜ್ಜಿ ಕೂಗಾಡಿದಳು. ಕೂಗಾಡಲಿ ಎಂದು ಚಪ್ಪಲಿ ಮೆಟ್ಟಿದೆ.

ಕೂಡ್ಲಿಗಿಯ ಬಸ್ ನಿಲ್ದಾಣದ ಎದುರಿಗೆ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಅವನ ಹತ್ತಿರ ಒಳ್ಳೊಳ್ಳೆಯ ಕೀಲಿ ಗಡಿಯಾರಗಳಿದ್ದವು. ಅದರಲ್ಲೊಂದು ಬಿಳಿ ಮುಖದ್ದು ನನಗೆ ಬಹಳ ಹಿಡಿಸಿತು. ಬೆಲೆಯೂ ನಮಗೆ ಎಟುಕುವಂಥದು. ಇದೇ ಸಾಕು ಅಂದೆ. ಅಪ್ಪ ಕೈಯಾಡಿಸಿ, "ಕೀಲಿ ಇಲ್ಲದ್ದು ತೋರಸ್ರಿ" ಅಂದ. ಅಂಗಡಿಯವನು, ದಿನಾ ಬೆಳಿಗ್ಗೆ ನಾಲ್ಕು ಸುತ್ತು ತಿರುವಿದರೆ ಆಯಿತಲ್ಲ, ಅದೇನು ದೊಡ್ಡ ಕೆಲಸ ಎಂದು ಕೇಳಿದ. ಅಪ್ಪ ಜಗ್ಗಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಬಟ್ಟೆ ಅಂಗಡಿಯವನು ಕದ ಅರ್ಧ ಮುಚ್ಚಿ, ಕರವಸ್ತ್ರದ ಗಂಟು ಬಿಚ್ಚಿ ಒಂದನ್ನು ತೋರಿಸಿದ. ಫಾರಿನ್ನು, ಹಡಗಿನಲ್ಲಿ ಬಂದದ್ದು, ಯಾರಿಗೂ ಹೇಳಬೇಡಿ ಅಂದ. ಮುಖ ಹೊಳೆಯುತ್ತಿತ್ತು, ಬೆನ್ನಿನ ಮುಚ್ಚಳದ ಅಂಚಿನಲ್ಲಿ ಮಾತ್ರ ಚಾಕು ಆಡಿಸಿದ ಗೀರುಗಳಿದ್ದವು. "ಇದರ ಹೊಟ್ಟಿಯಾಗ ಯಾರ ಕರುಳು ಹಾಕೀಯಪ್ಪ?" ಎಂದು ಕೇಳಿದೆ. ಅವನು ಗಂಟು ಕಟ್ಟಿ ಒಳಗಿಟ್ಟುಕೊಂಡು, ಇಂಥ ಮಗಳನ್ನು ಮುಂದಿಟ್ಟುಕೊಂಡು ವ್ಯಾಪಾರಕ್ಕೆ ಬರಬೇಡಿ ಎಂದು ಅಪ್ಪನಿಗೆ ಬುದ್ಧಿ ಹೇಳಿದ. ಹೊರಗೆ ಬಂದು ಅಪ್ಪನಿಗೆ ಕೇಳಿದೆ, ಕೂಡ್ಲಿಗಿಯ ಬಿಳಿ ಮುಖದ ಗಡಿಯಾರಕ್ಕೆ ಏನಾಗಿತ್ತು ಎಂದು.

"ಅವರು ಕೇಳಿದ್ದು ಕೀಲಿ ಇಲ್ಲದ್ದು," ಅಂದ.

"ಕೇಳಿದ್ದೆಲ್ಲಾ ಕೊಡಾಕಾಗತೈತೇನು? ಕೀಲಿ ಕೊಡಾಕ ಬ್ಯಾಸರ ಪಡೋ ಗಂಡು ನನ್ನ ಹೆಂಗ ಸಾಕ್ತಾನ?"

"ನಡಿ, ಬಸ್ಸು ಬಂತು," ಅಂದ ಅಪ್ಪ. ಬಸ್ಸು ಬಂದಿರಲಿಲ್ಲ.

ಕೊನೆಗೆ ಹರಪನಹಳ್ಳಿಯಲ್ಲಿ ಒಂದು ಗಡಿಯಾರದ ಅಂಗಡಿಯಲ್ಲಿ ಸಿಕ್ಕಿತು. ಆಟೋಮ್ಯಾಟಿಕ್ಕುಗಳಲ್ಲೆಲ್ಲ ಅಗ್ಗದ್ದು. ಉಕ್ಕಿನ ಪಟ್ಟಿ ಇಲ್ಲ, ಚರ್ಮದ ಪಟ್ಟಿ. ಕಡುನೀಲಿ ಮುಖ, ತಾರೀಖು ತೋರಿಸುವ ಪುಟ್ಟ ಕಿಟಕಿ. ಕೀಲಿ ಇರಬೇಕಾದ ಕಡೆ ಒಂದು ಸಣ್ಣ ಮೊಳೆಯಂಥದು ಒಳಗೆ ಹುದುಗಿಕೊಂಡಿತ್ತು. ಮುಳ್ಳು ಸರಿಸುವಾಗ ಮಾತ್ರ ಅದನ್ನು ಉಗುರಿನಿಂದ ಹೊರಗೆಳೆಯಬೇಕಂತೆ. ಅಗ್ಗ ಎಂದಕೂಡಲೇ ನನ್ನ ಕಿವಿ ನೆಟ್ಟಗಾದವು.

"ಯಾಕ ಅಗ್ಗ?" ಅಂದೆ.

"ಪಟ್ಟಿ ಚರ್ಮದ್ದು, ಅದಕ್ಕ ತಂಗಿ. ಒಳಗಿನ ಮಾಲೆಲ್ಲಾ ಒಂದಾ."

"ಕೀಲಿ ಕೊಡದಾ ಹೆಂಗ ನಡೀತೈತಿ?"

"ತಾನಾ ನಡೀತೈತಿ. ಕೈಗೆ ಕಟ್ಟಿಬಿಡೋದು, ಮುಗೀತು."

"ತಾನಾ ಯಾವುದೂ ನಡೆಯಂಗಿಲ್ಲ."

ಅಂಗಡಿಯವನಿಗೆ ಸಿಟ್ಟು ಬಂತು. "ನಿಮ್ಮ ಎದಿ ತಾನಾ ಬಡಕೊಳ್ಳಂಗಿಲ್ಲೇನ್ರಿ?"

"ಅದಕ್ಕ ಅನ್ನ ಹಾಕ್ತೀವಿ," ಅಂದೆ.

"ಇದಕ್ಕ ಕೈಯಾ ಅನ್ನ," ಅಂದ ಅವನು.

ಮಾತಿನ ಮಲ್ಲ ಎಂದುಕೊಂಡು ನಾನು ಪಟ್ಟಿಯ ಹೊಲಿಗೆ ನೋಡಲು ಶುರುಮಾಡಿದೆ. ಹೊಲಿಗೆ ನನಗೆ ಗೊತ್ತಿದ್ದ ವಿದ್ಯೆ, ಅದು ಗಟ್ಟಿಯಾಗಿತ್ತು. ಅಪ್ಪ ಗಡಿಯಾರವನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಆಮೇಲೆ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈ ಒಂದರಲ್ಲೇ ಅದನ್ನು ಹಿಡಿದು ತಿರುಗಿಸಿ ನೋಡಿದ. ಇದೇನು ಹೊಸ ಆಟ ಎಂದು ನನಗೆ ಕಂಡಿತು. ಆದರೆ ಮಾಡುತ್ತಿದ್ದವನು ಅಪ್ಪ, ಹಾಗಾಗಿ ಕಂಡದ್ದು ಕಣ್ಣಿಗಷ್ಟೇ ಕಂಡು ಬಿಟ್ಟುಹೋಯಿತು.

ಮನೆಗೆ ತಂದಕೂಡಲೇ ಗಡಿಯಾರ ಅಜ್ಜಿಯ ಅಧೀನಕ್ಕೆ ಹೋಯಿತು. ನಮ್ಮಲ್ಲಿ ಮದುಮಗನಿಗೆಂದು ತಂದ ವಸ್ತುವನ್ನು ದೇವರ ಜಗಲಿಯ ಮೇಲೆ, ತಟ್ಟೆಯಲ್ಲಿ, ಅಕ್ಕಿಯ ಮೇಲೆ ಇಡುತ್ತಾರೆ. ಅರಿಶಿನದ ದಾರ ಕಟ್ಟುತ್ತಾರೆ. ಮದುವೆಯ ದಿನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ, ತೊಡುವುದಂತೂ ದೂರದ ಮಾತು. ಅವನಿಗಿಂತ ಮೊದಲು ಯಾರಾದರೂ ತೊಟ್ಟರೆ ಅದು ಎಂಜಲಾಗುತ್ತದೆ. ಧೋತರಕ್ಕೂ ಉಂಗುರಕ್ಕೂ ಈ ಪದ್ಧತಿಯಿಂದ ಏನೂ ತೊಂದರೆಯಿರಲಿಲ್ಲ. ಗಡಿಯಾರವನ್ನೂ ಅಜ್ಜಿ ಹಾಗೆಯೇ ಅಕ್ಕಿಯ ಮೇಲೆ ಮಲಗಿಸಿದಳು. ಮದುವೆಗೆ ಇನ್ನೂ ಒಂದು ವಾರವಿತ್ತು.

ನಾನು ಮುಟ್ಟದೆ, ಜಗಲಿಗೆ ತಲೆ ಬಾಗಿಸುವ ನೆಪದಲ್ಲಿ ಕಿವಿ ಹತ್ತಿರ ಒಯ್ದು ಕೇಳುತ್ತಿದ್ದೆ. ಮೊದಲ ದಿನ ಟಿಕ್‌ಟಿಕ್ ಕೇಳಿಸಿತು. ಮರುದಿನ ಸಂಜೆಯೂ ಕೇಳಿಸಿತು. ಅದರ ಮರುದಿನ ಬೆಳಿಗ್ಗೆ ಕೇಳಿದರೆ ಸದ್ದಿಲ್ಲ. ಕುಂಕುಮ ಹಚ್ಚಿಕೊಳ್ಳುವವಳ ಹಾಗೆ ಬಗ್ಗಿ ನೋಡಿದೆ, ಸೆಕೆಂಡಿನ ಮುಳ್ಳು ನಿಂತಿತ್ತು.

ಅಪ್ಪನನ್ನು ಹಿತ್ತಲಿಗೆ ಕರೆದು ಹೇಳಿದೆ. "ನಾ ಹೇಳ್ಲಿಲ್ಲೇನು, ಅಗ್ಗದ್ದು. ಅವ ನಮಗ ಸತ್ತ ವಾಚು ಕೊಟ್ಟಾನ. ನಾ ಈಗ ಹರಪನಹಳ್ಳಿಗೆ ಹೋಗಿ ಅವನ ಮಾರಿಗೆ ಒಗದು ಬರ್ತೀನಿ."

ಅಪ್ಪನ ಮುಖ ಬಿಳಿಚಿಕೊಂಡಿತು. "ಜಗಲಿ ಮ್ಯಾಲಿಂದ ತಗೀಬಾರದು ಅಂತಾಳ ನಿಮ್ಮಜ್ಜಿ. ಸುಮ್ಮನಿರು. ಯಾರಿಗೂ ಹೇಳಬ್ಯಾಡ."

"ಅವರು ಕೇಳಿದ್ದು ಅದೊಂದಾ. ಅದೂ ನಿಂತಿದ್ರ ಏನಂದಾರು?"

"ಅವನ ಕೈಗೆ ಕಟ್ಟಿದ ಮ್ಯಾಲೆ ನೋಡೋಣಂತ," ಅಂದ.

ಅಲ್ಲಿಂದ ಮದುವೆಯವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ. ಹೆಣ್ಣಿನ ಕಡೆಯವರು ಕೊಟ್ಟ ಒಂದೇ ಒಂದು ವಸ್ತು ತಾಳಿ ಬೀಳುವ ಮೊದಲೇ ನಿಂತಿದೆ ಅಂದರೆ ಜನ ಅದನ್ನು ವಸ್ತುವಿನ ಐಬು ಅನ್ನುವುದಿಲ್ಲ, ಹುಡುಗಿಯ ಕಾಲ್ಗುಣ ಅನ್ನುತ್ತಾರೆ. ಅಪ್ಪನ ಮರ್ಯಾದೆ ಆ ತಟ್ಟೆಯಲ್ಲಿ ಅಂಗಾತ ಬಿದ್ದುಕೊಂಡಿತ್ತು. ಹರಪನಹಳ್ಳಿಯ ಆ ಅಂಗಡಿಯವನಿಗೆ ನಾನು ಹಾಕಿದ ಶಾಪಗಳನ್ನು ಇಲ್ಲಿ ಬರೆಯುವುದು ಬೇಡ.

ಮದುವೆ ನಮ್ಮ ಮನೆಯ ಮುಂದಿನ ಹಂದರದಲ್ಲಿ. ಕೊಟ್ಟೂರಿನವರು ಲಾರಿಯಲ್ಲಿ ಬಂದಿಳಿದರು. ಮದುಮಗನ ಬಲಗೈಯಲ್ಲಿ ಪದ್ಧತಿಯಂತೆ ಲಿಂಬೆಹಣ್ಣು ಚುಚ್ಚಿದ ಕಠಾರಿ, ಅದರ ಸುತ್ತ ಸುತ್ತಿದ ದೊಡ್ಡ ಕರವಸ್ತ್ರ. ತಾಳಿಗೆ ಮೊದಲು ನಮ್ಮಿಬ್ಬರನ್ನೂ ಮಣೆಯ ಮೇಲೆ ಪಕ್ಕಪಕ್ಕ ಕೂಡಿಸಿ, ಉಡುಗೊರೆಯ ತಟ್ಟೆಯನ್ನು ಮುಂದೆ ತಂದಿಟ್ಟರು. ಮದುಮಗನ ಸೋದರಮಾವ, ಬಾಯಿಬಡುಕ ಮನುಷ್ಯ, ಗಡಿಯಾರವನ್ನು ಎತ್ತಿ ಕಿವಿಗೆ ಹಿಡಿದ. ಅಲುಗಾಡಿಸಲೂ ಇಲ್ಲ, ಎರಡೇ ಬೆರಳಲ್ಲಿ ಸತ್ತ ಇಲಿ ಹಿಡಿದ ಹಾಗೆ ಹಿಡಿದಿದ್ದ.

"ಇದು ನಿಂತೈತಲ್ರಿ ಬೀಗರ," ಅಂದ, ಹಂದರಕ್ಕೆಲ್ಲ ಕೇಳುವ ಹಾಗೆ. "ನಾವು ಕೇಳಿದ್ದು ಒಂದಾ ವಾಚು. ಅದನ್ನೂ ಹಳೇದು ತೊಳದು ಇಟ್ಟೀರೇನು?"

ಹೆಂಗಸರ ಸಾಲಿನಲ್ಲಿ ಗುಸುಗುಸು ಶುರುವಾಯಿತು. ತಾಳಿ ಹೊತ್ತಿಗೆ ಗಡಿಯಾರ ನಿಲ್ಲುವುದು ಒಳ್ಳೆಯದಲ್ಲ ಎಂದು ಯಾರೋ ಅಂದರು. ಅಪ್ಪ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. ಆಗ ಹಡಗಲಿಯಿಂದ ಬಂದಿದ್ದ ನನ್ನ ಸೋದರಮಾವನಿಗೆ ರೇಗಿತು. ಗಡಿಯಾರವನ್ನು ಕಸಿದುಕೊಂಡು, "ಕೀಲಿ ಕೊಟ್ಟಿರಲಿಕ್ಕಿಲ್ಲ, ಅದಕ್ಕ ಇಷ್ಟು ಒದರ್ತೀರೇನು? ತಗಾರಿ ಮದುಮಗರ, ನಿಮ್ಮ ಕೈಯಾರ ಕೀಲಿ ಕೊಡ್ರಿ, ಎಲ್ಲಾರೂ ನೋಡ್ಲಿ" ಎಂದು ಅವನ ಮಡಿಲಿಗೇ ಹಾಕಿದ.

ಅಷ್ಟು ಹೊತ್ತು ಒದರುತ್ತಿದ್ದ ಅವರ ಸೋದರಮಾವ ತಟಕ್ಕನೆ ಸುಮ್ಮನಾದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಮದುಮಗನ ಬಲಗೈ ಕಡೆ ನೋಡಿದ. ನಾನೂ ಅಲ್ಲಿಗೇ ನೋಡಿದೆ.

ಮದುಮಗ ಕಠಾರಿಯನ್ನು ಮಣೆಯ ಮೇಲಿಟ್ಟ. ಎಡಗೈಯಲ್ಲಿ ಗಡಿಯಾರ ಎತ್ತಿಕೊಂಡು, ಕರವಸ್ತ್ರದೊಳಗಿದ್ದ ಬಲಗೈಯನ್ನು ಅದರ ಹತ್ತಿರ ತಂದ. ಗಡಿಯಾರ ಜಾರಿತು. ಹಿಡಿಯಲು ಹೋದಾಗ ಕರವಸ್ತ್ರವೂ ಜಾರಿತು. ಪಕ್ಕದಲ್ಲಿ ಕುಳಿತವಳಿಗೆ ಕಾಣದೆ ಇರುತ್ತದೆಯೇ. ಹೆಬ್ಬೆರಳಿರಲಿಲ್ಲ. ಅದರ ಪಕ್ಕದ ಬೆರಳು ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತಿತ್ತು, ಮಡಚುತ್ತಿರಲಿಲ್ಲ.

ನಾನು ಗಡಿಯಾರವನ್ನು ಅವನ ಕೈಯಿಂದ ಕಸಿದುಕೊಂಡೆ. ಸೆರಗು ಎಳೆದು ಅವನ ಬಲಗೈಯ ಮೇಲೆ ಹಾಕಿದ್ದು ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಹಾಕಿದೆ. "ಏ ಹುಡುಗಿ, ಮುಟ್ಟಬ್ಯಾಡ, ಎಂಜಲಾಗ್ತೈತಿ" ಎಂದು ಅಜ್ಜಿ ಹಿಂದಿನಿಂದ ಒದರಿದಳು. ನಾನು ಗಡಿಯಾರವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಕೇಳಿದೆ.

"ಕೈಗೆ ಏನಾಗೈತಿ?"

"ಮಷೀನಿನಾಗ ಹೋತು. ಎರಡು ವರ್ಷಾತು."

"ಅದಕ್ಕಾ ಕೀಲಿ ಇಲ್ಲದ್ದು ಬೇಕಾಗಿತ್ತು?"

"ಹೌದು. ಎಡಗೈಲೆ ತಿರುವೋಣಂದ್ರ ಬಲಗೈ ಹಿಡಿಯಂಗಿಲ್ಲ."

"ಮುಚ್ಚಿಟ್ಟು ಮದುವಿಗೆ ಬಂದೀರಿ."

ಅವನು ನನ್ನ ಕಡೆ ತಿರುಗಿದ. ಮದುಮಗ ಹಾಗೆ ತಿರುಗಬಾರದು, ತಿರುಗಿದ. "ನಾ ಮುಚ್ಚಿಟ್ಟಿಲ್ಲ. ಮೊದಲನೇ ದಿನಾನ ನಿಮ್ಮಪ್ಪಗ ತೋರ್ಸೀನಿ. 'ಮಗಳಿಗೆ ಹೇಳಬ್ಯಾಡ, ಟವೆಲ್ ಹಾಕ್ಕೊಂಡು ಬಾ, ಒಪ್ಪತ್ತು ಅನ್ನು, ಆಮ್ಯಾಲೆ ನಾನಾ ಹೇಳ್ತೀನಿ' ಅಂದ್ರು. ಹೇಳ್ಯಾರ ಅಂತ ತಿಳಕೊಂಡಿದ್ದೆ."

"ಉಚ್ಚೆಂಗೆಮ್ಮನ ಹೆಸರಿನಾಗ ಸುಳ್ಳು?"

"ಸುಳ್ಳಾಗಬಾರದು ಅಂತ ಅವತ್ತು ಇಡೀ ದಿನ ಉಪಾಸ ಇದ್ದೆ. ಅವತ್ತಿಂದ ಮಂಗಳವಾರ ಒಪ್ಪತ್ತಾ ಐತಿ."

ನಾನು ತಲೆಯೆತ್ತಿ ಅಪ್ಪನನ್ನು ನೋಡಿದೆ. ಅಪ್ಪ ಹಂದರದ ಕಂಬ ನೋಡುತ್ತಿದ್ದ. ಅವಲಕ್ಕಿ ತಟ್ಟೆ ಎತ್ತಿಕೊಂಡು ಹೋದದ್ದು, ಬಡ್ತಿ ಅಂದದ್ದು, ಬಿಳಿ ಮುಖದ ಗಡಿಯಾರ ಬೇಡ ಅಂದದ್ದು, ಬಾರದ ಬಸ್ಸು ಬಂತು ಅಂದದ್ದು, ಬಲಗೈ ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈಯಲ್ಲಿ ಗಡಿಯಾರ ತಿರುಗಿಸಿ ನೋಡಿದ್ದು, ಎಲ್ಲ ಒಟ್ಟಿಗೇ ಬಂದು ನನ್ನ ಮುಂದೆ ನಿಂತವು. ಹಾಲಿಗೆ ಬೆರಳು ಅದ್ದಿದವಳು ನಾನು. ಹಗರಿಬೊಮ್ಮನಹಳ್ಳಿಯವನ ಮುಚ್ಚಳದ ಗೀರು ಕಂಡವಳು ನಾನು. ಮನೆಯೊಳಗೆ, ಎದುರಿಗೇ ನಡೆದದ್ದು ಕಾಣಲಿಲ್ಲ. ನನಗೆ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ ಮುಷ್ಟಿ ಗಡಗಡ ನಡುಗತೊಡಗಿತು, ಬಳೆಗಳು ಒಂದಕ್ಕೊಂದು ಬಡಿದು ಸದ್ದಾಗುತ್ತಿತ್ತು. ಆ ನಡುಕದ ನಡುವೆ ಅಂಗೈಯಲ್ಲಿ ಏನೋ ಮಿಡಿಯಿತು. ಮುಷ್ಟಿ ಬಿಚ್ಚಿದೆ. ಸೆಕೆಂಡಿನ ಮುಳ್ಳು ನಡೆಯುತ್ತಿತ್ತು.

ಇದಕ್ಕೆ ಕೈಯೇ ಅನ್ನ ಎಂದು ಅಂಗಡಿಯವನು ಹೇಳಿದ್ದು ಆಗ ಅರ್ಥವಾಯಿತು. ಅದರೊಳಗೆ ಒಂದು ತೂಕದ ಬಿಲ್ಲೆ ಇರುತ್ತದೆ, ಕೈ ಆಡಿದ ಹಾಗೆ ಅದು ಓಲಾಡಿ ಕೀಲಿ ತಾನೇ ಸುತ್ತಿಕೊಳ್ಳುತ್ತದೆ. ಕೈ ಬಿಟ್ಟು ಮಲಗಿಸಿಟ್ಟರೆ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಅದನ್ನು ನಾವು ಅಕ್ಕಿಯ ಮೇಲೆ ಮಲಗಿಸಿ ಪೂಜೆ ಮಾಡಿದ್ದೆವು.

ಹಂದರ ಪೂರ್ತಿ ನನ್ನನ್ನೇ ನೋಡುತ್ತಿತ್ತು. ನಾನು ಎದ್ದು ಒಳಗೆ ಹೋಗಬಹುದಿತ್ತು. ಹೋಗುವವಳೇ ಇದ್ದೆ, ಒಂದು ಮಂಡಿ ಮಣೆಯಿಂದ ಎತ್ತಿಯೂ ಇದ್ದೆ. ಆದರೆ ಎದ್ದು ಎಲ್ಲಿಗೆ ಹೋಗುವುದು? ಹೋದರೆ ಅಪ್ಪನ ಮನೆಯೊಳಗೆ ಹೋಗಬೇಕು, ಮುಚ್ಚಿಟ್ಟವನು ಅವನು. ತೋರಿಸಿದವನು ಪಕ್ಕದ ಮಣೆಯ ಮೇಲೆ ಕುಳಿತಿದ್ದ. ನನ್ನ ಸೆರಗಿನ ಕೆಳಗೆ ಅವನ ಕೈ ಅಲುಗಾಡದೆ ಇತ್ತು, ಎಳೆದುಕೊಂಡಿರಲಿಲ್ಲ.

"ಈಗ ಟೈಮ್ ಎಷ್ಟು?" ಎಂದು ಗಟ್ಟಿಯಾಗಿ ಕೇಳಿದೆ. ಯಾರೋ ಹನ್ನೊಂದು ಹತ್ತು ಅಂದರು. ಇನ್ನೊಬ್ಬರನ್ನೂ ಕೇಳಿದೆ, ಅವರೂ ಅದನ್ನೇ ಅಂದರು. ಉಗುರಿನಿಂದ ಆ ಸಣ್ಣ ಮೊಳೆ ಎಳೆದು ಮುಳ್ಳು ಸರಿಸಿ ಒತ್ತಿದೆ. ಅವನ ಎಡಗೈ ಎಳೆದುಕೊಂಡು ಪಟ್ಟಿ ಕಟ್ಟಿದೆ. "ವಾಚು ನಡೀತೈತಿ" ಎಂದು ಅವರ ಸೋದರಮಾವನ ಮುಖಕ್ಕೆ ಹೇಳಿದೆ. ಅವನು ಹೌದೌದು ಎಂದು ತಲೆಯಾಡಿಸಿದ. ತಾಳಿ ಬಿತ್ತು. ಮೊದಲ ಗಂಟಿಗೆ ಇವರ ಬೆರಳು ತಡವರಿಸಿದಾಗ ನಾದಿನಿ ಕೈಹಾಕಿದಳು, ಪದ್ಧತಿ ಎಂದೇ ಎಲ್ಲರೂ ತಿಳಿದರು.

ಕೊಟ್ಟೂರಿಗೆ ಹೊರಡುವಾಗ ನಾನು ಅಪ್ಪನ ಕಾಲಿಗೆ ಬಿದ್ದೆ, ಮಾತಾಡಲಿಲ್ಲ. ಅಜ್ಜಿ ಕಿವಿಯ ಹತ್ತಿರ ಬಂದು, "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ನಿಮ್ಮಪ್ಪ ಒಂದಾ ಹೇಳ್ಯಾನ" ಅಂದಳು. ಅಂದರೆ ಆ ಮುದುಕಿಗೂ ಗೊತ್ತಿತ್ತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳನ್ನು ನಾನು ಯಾವತ್ತೂ ನಂಬಿರಲಿಲ್ಲ.

ಇವರ ಜೊತೆ ಬದುಕು ಕಷ್ಟವಾಗಲಿಲ್ಲ. ಎಡಗೈಯಲ್ಲಿ ಹಾಜರಿ ಬರೆಯುವುದನ್ನು ಕಲಿತಿದ್ದರು. ಮಿಲ್ಲಿನ ಸೈರನ್ ಸರಿಯಾದ ಹೊತ್ತಿಗೆ ಕೂಗುತ್ತಿತ್ತು, ನಮ್ಮ ಓಣಿಯವರೆಲ್ಲ ಅದನ್ನು ಕೇಳಿಯೇ ಒಲೆ ಹೊತ್ತಿಸುತ್ತಿದ್ದರು. ಮೂವತ್ತೊಂದು ದಿನವಿಲ್ಲದ ತಿಂಗಳು ಮುಗಿದಾಗ ತಾರೀಖು ತಪ್ಪಾಗುತ್ತಿತ್ತು. ಆಗ ಇವರು ಏನೂ ಹೇಳದೆ ಎಡಗೈಯನ್ನು ನನ್ನ ಮುಂದೆ ಚಾಚುತ್ತಿದ್ದರು, ನಾನು ಉಗುರು ಹಾಕಿ ಸರಿಮಾಡುತ್ತಿದ್ದೆ. ಸೈರನ್ ಸರಿಯಾಗಿ ಊದುತ್ತಾರೋ ಇಲ್ಲವೋ ಎಂದು ಮೊದಲ ಕೆಲವು ತಿಂಗಳು ರೇಡಿಯೋ ಹಚ್ಚಿ ತಾಳೆ ನೋಡಿದೆ. ಸರಿಯಿತ್ತು.

ಅಪ್ಪ ಬಂದದ್ದು ಶ್ರಾವಣ ಕಳೆದ ಮೇಲೆ. ಇವರು ಮಿಲ್ಲಿಗೆ ಹೋಗಿದ್ದರು. ಕೈಚೀಲವನ್ನು ಗೋಡೆಗೆ ಆನಿಸಿಟ್ಟು, ನೀರು ಕುಡಿದು, ಬಾಗಿಲ ಹತ್ತಿರವೇ ಕುಳಿತ. ಸೊರಗಿದ್ದ. ನಾನು ರೊಟ್ಟಿ ಬಡಿಯುತ್ತಿದ್ದೆ.

"ಹೇಳಿದ್ರ ನೀ ಒಲ್ಲೆ ಅಂತಿದ್ದಿ," ಅಂದ. ಹೇಗಿದ್ದೀ ಎಂದೂ ಕೇಳಲಿಲ್ಲ.

"ಹೌದು, ಅಂತಿದ್ದೆ."

"ಮೊದಲನೇ ದಿನಾ ತಾನಾಗಿ ಕೈ ಮುಂದ ಮಾಡಿ ತೋರ್ಸಿದ. ಹಂಗ ತೋರ್ಸೋ ಗಂಡು ಎಲ್ಲಿ ಸಿಗ್ತಾನ? ಮುಚ್ಚಿಡಲಾರದ ಮನುಷ್ಯಾ ಅಂತಾನ ಒಪ್ಪಿದೆ."

"ಅವರು ಬಿಚ್ಚಿಟ್ಟದ್ದನ್ನ ನೀ ಮುಚ್ಚಿಟ್ಟಿ."

ಅಪ್ಪ ತಲೆ ತಗ್ಗಿಸಿದ. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು, ತೆಗೆದು ಪಕ್ಕಕ್ಕಿಟ್ಟೆ. "ಇನ್ನ ನನ್ನ ಮ್ಯಾಲೂ ಅನುಮಾನಾ ಏನು?" ಎಂದು ಕೇಳಿದ.

"ಹೌದು," ಅಂದೆ. "ಈಗ ನೀನೂ ಎಲ್ಲಾರ ಹಂಗ."

ಅವನ ಕಣ್ಣು ತುಂಬಿದವು. ನನ್ನವೂ ತುಂಬಿದವು, ಹೊಗೆ ಅಂದುಕೊಳ್ಳಲಿ ಎಂದು ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದೆ. ಅಷ್ಟರಲ್ಲಿ ಮಿಲ್ಲಿನ ಸೈರನ್ ಕೂಗಿತು. ಅಪ್ಪ ಕಿವಿಗೊಟ್ಟು ಕೇಳಿ, "ಅವನಾ?" ಅಂದ. ಹ್ಞೂಂ ಅಂದೆ.

"ಮನುಷ್ಯಾ ಛಲೋ ಅದಾನಿಲ್ಲ?"

"ಅದಾರ."

"ಅಷ್ಟು ಸಾಕು," ಎಂದು ಅಪ್ಪ ಕಣ್ಣೊರೆಸಿಕೊಂಡು ಚೀಲಕ್ಕೆ ಕೈಹಾಕಿದ. ಎರಡು ಗಂಟೆಯ ಬಸ್ಸಿದೆ ಅಂದ.

"ಉಂಡು ಹೋಗು," ಅಂದೆ.

"ಉಂಡಾ ಬಂದೀನವ್ವ. ಹೊಟ್ಟಿ ತುಂಬೈತಿ."

ನಾನು ಎದ್ದು ಅವನ ಮುಂದೆ ತಟ್ಟೆ ಇಟ್ಟೆ, ಬಿಸಿ ರೊಟ್ಟಿ ಹಾಕಿದೆ, ಶೇಂಗಾ ಚಟ್ನಿಪುಡಿ ಹಾಕಿ ಎಣ್ಣೆ ಬಿಟ್ಟೆ. ಒಂದನ್ನು ಬೇಗಬೇಗ ಮುಗಿಸಿದ. ಇನ್ನೊಂದು ಹಾಕಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದು ಸಾಕು ಅಂದ. ನಾನು ನಂಬಲಿಲ್ಲ. ಕೈ ಸರಿಸಿ ಹಾಕಿದೆ.